ಮೇ 21ಕ್ಕೆ ಚಿಲಿಯ ವಾಲ್ಪರೈಸೊದಲ್ಲಿ ನೌಕಾಪಡೆ ಪರೇಡ್: ಎಲ್ಲಿ ನಿಲ್ಲಬೇಕು, ಹೇಗೆ ಹೋಗಿ ಬರಬೇಕು?

ಮಲೆನಾಡ ಗಾಳಿ (ಪ್ರಶ್ನೆ)

ಮೇ ಮೂರನೇ ವಾರ ಸ್ಯಾಂಟಿಯಾಗೊದಲ್ಲಿ ಇರುತ್ತೇವೆ. ನಾವಿಬ್ಬರು, ಜೊತೆಗೆ ಅಪ್ಪ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಲಾರರು. ಆದರೆ ಹಡಗು, ನೌಕಾಪಡೆ ಅಂದರೆ ಪ್ರಾಣ. ಕಾರವಾರದ ಬೀಚಿನಲ್ಲಿಟ್ಟಿರುವ ಚಪಲ್ ನೌಕೆಯನ್ನು ಎಷ್ಟು ಸಲ ನೋಡಿದರೂ ಅವರಿಗೆ ಸಾಲದು.

ಮೇ 21 ಚಿಲಿಯಲ್ಲಿ ನೌಕಾ ವೈಭವ ದಿನ, ದೇಶಕ್ಕೆಲ್ಲ ರಜೆ ಅಂತ ಓದಿದೆ. ಕೇಳಬೇಕಾದ್ದು ಇಷ್ಟು: ಪರೇಡ್ ಸ್ಯಾಂಟಿಯಾಗೊದಲ್ಲೋ ವಾಲ್ಪರೈಸೊದಲ್ಲೋ? ಒಂದೊಂದು ವೆಬ್‌ಸೈಟ್ ಒಂದೊಂದು ಹೇಳುತ್ತಿದೆ. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದೇ? ಟಿಕೆಟ್, ಪಾಸ್ ಏನಾದರೂ ಬೇಕೇ? ಸಮುದ್ರದಲ್ಲಿ ಹಡಗುಗಳ ಪ್ರದರ್ಶನವೂ ಇರುತ್ತದೆಯೇ? ಕೊನೆಯದಾಗಿ, ನಾವು ಮೂವರೂ ಸಸ್ಯಾಹಾರಿಗಳು.

---

ಬಂದರು ಕಟ್ಟೆ

ಮೊದಲು ಗೊಂದಲ ಬಿಡಿಸೋಣ. ಸ್ಯಾಂಟಿಯಾಗೊದ ದೊಡ್ಡ ಪರೇಡ್ ಇರುವುದು ಸೆಪ್ಟೆಂಬರ್ 19ಕ್ಕೆ, ಓಹಿಗಿನ್ಸ್ ಪಾರ್ಕಿನಲ್ಲಿ, ಮೂರೂ ಪಡೆಗಳದ್ದು. ಮೇ 21ರದ್ದು ನೌಕಾಪಡೆಯದ್ದೇ, ಅದಕ್ಕೆ ವಾಲ್ಪರೈಸೊದ ಸೊತೊಮಯೋರ್ ಚೌಕವೇ ಜಾಗ. ನೌಕಾಪಡೆಯ ಹಳೇ ನೀಲಿ-ಬೂದು ಕಟ್ಟಡ, ಅದರೆದುರು 1879ರ ಇಕೀಕೆ ಕದನದ ವೀರರ ಸ್ಮಾರಕ, ಅದರಾಚೆ ಬಂದರು. ಎಲ್ಲವೂ ಕೂಗಳತೆಯಲ್ಲಿ.

ಹಳೇ ಗೈಡ್ ಪುಸ್ತಕಗಳಲ್ಲಿ ಇನ್ನೊಂದು ತಪ್ಪು ಸಿಗುತ್ತದೆ: ಅಧ್ಯಕ್ಷರು ಮೇ 21ಕ್ಕೆ ವಾಲ್ಪರೈಸೊದ ಸಂಸತ್ತಿನಲ್ಲಿ ದೇಶವನ್ನುದ್ದೇಶಿಸಿ ಭಾಷಣ ಮಾಡುತ್ತಾರೆ, ಆ ದಿನ ಊರಲ್ಲಿ ಗಲಾಟೆ, ಅಶ್ರುವಾಯು ಅಂತೆಲ್ಲ. 2016ರವರೆಗೆ ಹಾಗಿತ್ತು. 2017ರಿಂದ ಆ ಭಾಷಣ ಜೂನ್ 1ಕ್ಕೆ ಹೋಗಿದೆ. ಅಲ್ಲಿಂದೀಚೆಗೆ ಮೇ 21 ಎಂದರೆ ನೌಕಾಪಡೆಯ ದಿನ ಮಾತ್ರ, ಅಪ್ಪನನ್ನು ಕರೆದುಕೊಂಡು ಹೋಗಲು ಅಡ್ಡಿಯಿಲ್ಲ.

ಈ ರಜೆ ವಾರ ಯಾವುದಾದರೂ ಸೋಮವಾರಕ್ಕೆ ಜಾರುವುದಿಲ್ಲ, 21ನೇ ತಾರೀಕೇ. 2026ರಲ್ಲಿ ಗುರುವಾರ ಬರುತ್ತದೆ. ಮರುದಿನ ಶುಕ್ರವಾರ, ಆಮೇಲೆ ವಾರಾಂತ್ಯ. ಅರ್ಧ ಸ್ಯಾಂಟಿಯಾಗೊ ಶುಕ್ರವಾರ ರಜೆ ಹಾಕಿ ಕಡಲ ಕಡೆ ಹೊರಡುತ್ತದೆ. ಅಂಥ ವರ್ಷ ಬಸ್ಸು, ರೂಮು ಎರಡನ್ನೂ ಮೊದಲೇ ಹಿಡಿದಿಡಿ. 2027ರಲ್ಲಿ ಶುಕ್ರವಾರವೇ ಬರುತ್ತದೆ, ಅದೂ ಅದೇ ಕಥೆ.

ಟಿಕೆಟ್ ಬೇಡ. ಬೇಲಿಯ ಹೊರಗೆ ನಿಂತು ಯಾರು ಬೇಕಾದರೂ ನೋಡಬಹುದು. ವೇದಿಕೆ ಪಕ್ಕದ ಕುರ್ಚಿಗಳು ಆಹ್ವಾನಿತರಿಗೆ. ಅವನ್ನು ಯಾರಾದರೂ ದುಡ್ಡಿಗೆ ಕೊಡುತ್ತೇವೆ ಅಂದರೆ ಮುಂದೆ ನಡೆಯಿರಿ.

---

ಹಡಗು ಹುಚ್ಚು

ಹಡಗು ಪ್ರದರ್ಶನದ ವಿಷಯ ಹೇಳಿಬಿಡುತ್ತೇನೆ, ನಿರೀಕ್ಷೆ ತಪ್ಪಾದರೆ ಇಡೀ ದಿನ ಸಪ್ಪೆ ಅನ್ನಿಸುತ್ತದೆ. ನಮ್ಮಲ್ಲಿ ಡಿಸೆಂಬರ್ 4ಕ್ಕೆ 2023ರಲ್ಲಿ ಸಿಂಧುದುರ್ಗದಲ್ಲಿ, 2024ರಲ್ಲಿ ಪುರಿಯಲ್ಲಿ ಮಾಡಿದರಲ್ಲ, ಹೆಲಿಕಾಪ್ಟರಿನಿಂದ ಇಳಿಯೋದು, ದಡಕ್ಕೆ ಬಂದು ದಾಳಿ ಮಾಡಿ ತೋರಿಸೋದು, ಅಂಥದ್ದಲ್ಲ ಇದು. ಬೀದಿಯಲ್ಲಿ ನಡೆಯುವ ಸ್ಮರಣೆ. ಹೂಗುಚ್ಛ, ಮೌನ, ಆಮೇಲೆ ಪಥಸಂಚಲನ. ಕಡಲು ಹಿನ್ನೆಲೆಗಷ್ಟೆ.

ಕಾರಣ ಗೊತ್ತಾದರೆ ಅಪ್ಪನಿಗೆ ರುಚಿ ಹತ್ತುತ್ತದೆ. 1879ರ ಮೇ 21. ಚಿಲಿಗೂ ಪೆರು-ಬೊಲಿವಿಯಾಗೂ ಯುದ್ಧ. ಇಕೀಕೆ ಆಗ ಪೆರುವಿನ ಬಂದರು. ಅದಕ್ಕೆ ದಿಗ್ಬಂಧನ ಹಾಕಿ ನಿಂತಿದ್ದದ್ದು ಚಿಲಿಯ ಎರಡು ಮರದ ಹಡಗು, ಎಸ್ಮೆರಾಲ್ದಾ ಮತ್ತು ಕೊವಾದೊಂಗಾ. ಎದುರಿಗೆ ಬಂದದ್ದು ಪೆರುವಿನ ಎರಡು ಕಬ್ಬಿಣದ ಕವಚದ ಹಡಗು, ವಾಸ್ಕರ್ ಮತ್ತು ಇಂಡಿಪೆಂಡೆನ್ಸಿಯಾ. ಮರದ ಹಡಗಿನ ಗುಂಡು ಕವಚಕ್ಕೆ ತಾಗಿ ಸಿಡಿದು ಬೀಳುತ್ತಿತ್ತು ಅಷ್ಟೆ. ವಾಸ್ಕರಿನ ನಾಯಕ ಮಿಗೆಲ್ ಗ್ರಾವ್ ತನ್ನ ಹಡಗಿನ ಮೂತಿಯಿಂದಲೇ ಎಸ್ಮೆರಾಲ್ದಾಗೆ ಮೂರು ಸಲ ಗುದ್ದಿದ. ಮೊದಲ ಗುದ್ದಿಗೇ ಎಸ್ಮೆರಾಲ್ದಾದ ನಾಯಕ ಆರ್ತುರೊ ಪ್ರಾತ್ ಕತ್ತಿ ಹಿರಿದು ಶತ್ರುವಿನ ಡೆಕ್ಕಿಗೆ ಹಾರಿದ, ಅಲ್ಲೇ ಸತ್ತ. ಮೂರನೇ ಗುದ್ದಿಗೆ, ಮಧ್ಯಾಹ್ನ 12:10ಕ್ಕೆ, ಹಡಗು ಮುಳುಗಿತು.

ಅತ್ತ ಕೊವಾದೊಂಗಾ ತೀರದ ಆಳವಿಲ್ಲದ ನೀರಿನಗುಂಟ ಓಡಿತು. ಬೆನ್ನಟ್ಟಿದ ಇಂಡಿಪೆಂಡೆನ್ಸಿಯಾ ಪುಂತಾ ಗ್ರುಯೆಸಾ ಬಳಿ ಬಂಡೆಗೆ ಸಿಕ್ಕಿಕೊಂಡು ಹೋಯಿತು. ಪೆರುವಿನ ಬಳಿ ಇದ್ದ ಒಳ್ಳೇ ಹಡಗುಗಳಲ್ಲಿ ಒಂದು ಅದೇ ದಿನ ಕಳೆಯಿತು. ಸೋತ ಕದನದ ದಿನವನ್ನೇ ಚಿಲಿ ಯಾಕೆ ರಜೆ ಮಾಡಿಕೊಂಡಿದೆ ಅನ್ನುವವರು ಈ ಅರ್ಧವನ್ನು ಓದಿರುವುದಿಲ್ಲ.

ಇನ್ನೊಂದು: ಪ್ರಾತ್‌ನ ಕತ್ತಿಯನ್ನೂ ಅವನ ಬಳಿಯಿದ್ದ ವಸ್ತುಗಳನ್ನೂ ಗ್ರಾವ್ ಅವನ ಹೆಂಡತಿಗೆ ಪತ್ರದ ಜೊತೆ ಕಳಿಸಿಕೊಟ್ಟ. ಅದೇ ಅಕ್ಟೋಬರ್ 8ರಂದು ಅಂಗಾಮೋಸ್ ಕದನದಲ್ಲಿ ಗ್ರಾವ್ ಸತ್ತ, ವಾಸ್ಕರ್ ಚಿಲಿಯ ಪಾಲಾಯಿತು. ಪೆರುವಿನಲ್ಲಿ ಅಕ್ಟೋಬರ್ 8 ನೌಕಾಪಡೆಯ ದಿನ. ನಿಮ್ಮ ಪ್ರವಾಸದಲ್ಲಿ ಲಿಮಾ ಕೂಡ ಇದ್ದರೆ ಅಲ್ಲಿ ಮೇ 21ರ ಫೋಟೊ ತೋರಿಸಿ ಹೊಗಳಲು ಹೋಗಬೇಡಿ.

ಚಿಲಿಯ ನೀಲಿ 10,000 ಪೆಸೊ ನೋಟಿನಲ್ಲಿರುವುದು ಈ ಪ್ರಾತ್‌ನ ಮುಖವೇ.

---

ತೆಂಕಣ ದಾರಿ

ಹೋಗಿಬರುವ ವಿಷಯ ನನಗೆ ಬಿಡಿ.

ಸ್ಯಾಂಟಿಯಾಗೊದಿಂದ ಸುಮಾರು 120 ಕಿ.ಮೀ., ಬಸ್ಸಿನಲ್ಲಿ ಒಂದೂವರೆ ಗಂಟೆ. ಪೇಟೆ ಮಧ್ಯದ ಅಲಮೇದಾ ನಿಲ್ದಾಣಕ್ಕೆ ಹೋಗಬೇಡಿ. ಮೆಟ್ರೊ 1ನೇ ಲೈನ್ ಹಿಡಿದು ಪಾಹಾರಿತೋಸ್‌ನಲ್ಲಿ ಇಳಿಯಿರಿ, ಬಸ್ ನಿಲ್ದಾಣ ಅಲ್ಲೇ ಅಂಟಿಕೊಂಡಿದೆ, ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ತುರ್‌ಬುಸ್, ಪುಲ್‌ಮನ್ ಎರಡೂ ಓಡಿಸುತ್ತವೆ, ಸೀಟ್ ನಂಬರ್ ಟಿಕೆಟ್ಟಿನಲ್ಲೇ ಇರುತ್ತದೆ. ವಾಪಸಿನ ಟಿಕೆಟ್ಟನ್ನು ಹೋಗುವಾಗಲೇ ತೆಗೆದುಕೊಳ್ಳಿ. ಸಂಜೆ 5ರಿಂದ 8ರ ಬಸ್ಸುಗಳು ರಜಾದಿನ ತುಂಬಿಹೋಗುತ್ತವೆ. 68ನೇ ಹೆದ್ದಾರಿಯಲ್ಲಿ ಸಪಾತಾ, ಲೊ ಪ್ರಾದೊ ಅಂತ ಎರಡು ಸುರಂಗ ಇವೆ, ಸಂಜೆ ಸ್ಯಾಂಟಿಯಾಗೊ ಕಡೆಗೆ ಬರುವಾಗ ಅವುಗಳ ಬಾಯಲ್ಲೇ ವಾಹನ ಸಾಲುಗಟ್ಟುವುದು. ಒಂದೂವರೆ ಗಂಟೆ ಅನ್ನುವುದು ಎರಡೂವರೆ ಆದರೆ ಆಶ್ಚರ್ಯ ಪಡಬೇಡಿ. ಅಪ್ಪನಿಗೆ ಮಂಡಿ ನೋವು ಅಂದಿರಲ್ಲ, ಬಾಗಿಲ ಪಕ್ಕದ ಸೀಟು ಆರಿಸಿಕೊಳ್ಳಿ. ಎರಡಂತಸ್ತಿನ ಬಸ್ಸಾದರೆ ಕೆಳಗಿನ ಅಂತಸ್ತು.

ವಾಲ್ಪರೈಸೊ ಬಸ್ ನಿಲ್ದಾಣ ಸಂಸತ್ ಭವನದ ಎದುರಿಗೆ. ಅಲ್ಲಿಂದ ಚೌಕ ಎರಡೂವರೆ ಕಿ.ಮೀ. ಹತ್ತಿರ, ನಡೆಸಬೇಡಿ ಅವರನ್ನು. ಸಾಮಾನ್ಯ ದಿನವಾದರೆ ಹತ್ತಿರದ ಬಾರೋನ್ ಸ್ಟೇಷನ್‌ನಲ್ಲಿ ರೈಲು ಹತ್ತಿ ಕೊನೆಯ ಪುಯೆರ್ತೊ ಸ್ಟೇಷನ್‌ನಲ್ಲಿ ಇಳಿದರೆ ಚೌಕ ಎದುರಿಗೇ ಇರುತ್ತದೆ. ಪರೇಡ್ ದಿನ ಮಾತ್ರ ಭದ್ರತೆಗೆ ಪುಯೆರ್ತೊ ಬಾಗಿಲು ಹಾಕಿದ್ದರೆ ಒಂದು ಸ್ಟೇಷನ್ ಮೊದಲೇ, ಬೆಯಾವಿಸ್ತಾದಲ್ಲಿ ಇಳಿಯಬೇಕಾಗುತ್ತದೆ. ಅಲ್ಲಿಂದ ಸುಮಾರು ಒಂದು ಕಿ.ಮೀ. ನಡಿಗೆ, ಪೂರ್ತಿ ಸಮತಟ್ಟು. ಈ ರೈಲಿಗೆ ಕಾರ್ಡ್ ಬೇಕು, ಸ್ಯಾಂಟಿಯಾಗೊ ಮೆಟ್ರೊದ ಬಿಪ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ.

ಟ್ಯಾಕ್ಸಿ ಹಿಡಿದರೂ ಚೌಕದ ಬಳಿ ಬಿಡಲಾಗದು. ಬ್ಲಾಂಕೊ, ಕೊಕ್ರೇನ್, ಎರ್ರಾಸುರಿಸ್ ಬೀದಿಗಳು ಬೆಳಗ್ಗೆಯೇ ಬಂದ್. ಬಾಡಿಗೆ ಕಾರಿನ ಯೋಚನೆ ಇದ್ದರೆ ಬಿಟ್ಟುಬಿಡಿ. ಎಲ್ಲೋ ಗುಡ್ಡದ ಓಣಿಯಲ್ಲಿ ನಿಲ್ಲಿಸಿ ಬಂದರೆ ಸಂಜೆ ಕಿಟಕಿ ಗಾಜು ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ನನ್ನ ಸಲಹೆ ಕೇಳಿದರೆ ಹಿಂದಿನ ರಾತ್ರಿಯೇ ಹೋಗಿ ಸೆರ್ರೊ ಅಲೆಗ್ರೆ ಅಥವಾ ಕೊನ್ಸೆಪ್ಸಿಯೋನ್ ಗುಡ್ಡದಲ್ಲಿ ಉಳಿಯಿರಿ. ಬೆಳಗ್ಗೆ ಎಲ್ ಪೆರಾಲ್ ಆಸೆನ್ಸೋರ್‌ನಲ್ಲಿ ಕೂತು ಇಳಿದರೆ ಚೌಕದ ಹಿಂಬದಿಗೇ ಬರುತ್ತೀರಿ. ಇಳಿಜಾರಿನಲ್ಲಿ ಕಂಬಿ ಮೇಲೆ ಜಾರುವ ಆ ಮರದ ಪೆಟ್ಟಿಗೆಯನ್ನು ಅಪ್ಪ ಹಡಗಿಗಿಂತ ಹೆಚ್ಚು ಮೆಚ್ಚಿದರೂ ಮೆಚ್ಚಿಯಾರು. ಮಂಡಿ ನೋವಿನವರಿಗೆ ವಾಲ್ಪರೈಸೊದ ಮೆಟ್ಟಿಲುಗಳು ಶತ್ರು. ಹೋಟೆಲ್ ಬುಕ್ ಮಾಡುವಾಗ ಆಸೆನ್ಸೋರಿನ ಮೇಲ್ತುದಿಯಿಂದ ಎಷ್ಟು ಮೆಟ್ಟಿಲು ಅಂತ ಕೇಳಿಯೇ ದುಡ್ಡು ಕಟ್ಟಿ. ಅದು ರಿಪೇರಿಗೆ ನಿಲ್ಲುವುದೂ ಉಂಟು, ಹಿಂದಿನ ದಿನವೇ ನೋಡಿಕೊಳ್ಳಿ.

---

ಬಂದರು ಕಟ್ಟೆ

ನಿಲ್ಲುವ ಜಾಗದ ಬಗ್ಗೆ. ಎಲ್ಲರೂ ವೇದಿಕೆಯ ನೇರ ಎದುರಿಗೆ ನುಗ್ಗುತ್ತಾರೆ, ಅದೇ ಕೆಟ್ಟ ಜಾಗ. ಚಿಲಿಯ ಪದ್ಧತಿಯಲ್ಲಿ ಬ್ಯಾಂಡ್ ಮುಂದೆ ಬಂದು, ತಿರುಗಿ, ವೇದಿಕೆಗೆ ಎದುರಾಗಿ ನಿಂತು ನುಡಿಸುತ್ತದೆ. ತುಕಡಿಗಳು ಬ್ಯಾಂಡಿಗೂ ವೇದಿಕೆಗೂ ನಡುವೆ ಹಾದುಹೋಗುತ್ತವೆ. ನೀವು ಬ್ಯಾಂಡಿನ ಹಿಂದೆ ಸಿಕ್ಕಿಕೊಂಡರೆ ನೋಡುವುದು ಡ್ರಮ್ಮು ಮತ್ತು ಬೆನ್ನು. ವೇದಿಕೆಯಿಂದ 60-80 ಮೀಟರ್ ಆಚೆ, ತುಕಡಿಗಳು ಚೌಕಕ್ಕೆ ಬರುವ ಬದಿಯಲ್ಲಿ ನಿಲ್ಲಿ. ಕಾಲು ನೇರ ಎತ್ತಿ ಹಾಕುವ ನಡಿಗೆ ಶುರುವಾಗುವುದೇ ಅಲ್ಲಿ. ಬೂಟು ಒಟ್ಟಿಗೆ ನೆಲಕ್ಕೆ ಬೀಳುವ ಸದ್ದು ಕಟ್ಟಡಗಳ ನಡುವೆ ಚೆನ್ನಾಗಿ ಕೇಳುತ್ತದೆ. (ನೌಕಾಪಡೆಯನ್ನು ಕಟ್ಟಿದವರಲ್ಲಿ ಬ್ರಿಟಿಷ್ ಲಾರ್ಡ್ ಕೊಕ್ರೇನ್ ದೊಡ್ಡ ಹೆಸರು, ನಡಿಗೆ ಮಾತ್ರ ಪ್ರಷ್ಯನ್. ಸೈನ್ಯಕ್ಕೆ ಜರ್ಮನ್ ಅಧಿಕಾರಿಗಳು ಕಲಿಸಿದ್ದು ಎಲ್ಲ ಪಡೆಗಳಿಗೂ ಹಬ್ಬಿತು.)

ಬಿಸಿಲು: ಅಲ್ಲಿ ಮೇ ಅಂದರೆ ಶರತ್ಕಾಲದ ಕೊನೆ, ಸೂರ್ಯ ಉತ್ತರದ ಆಕಾಶದಲ್ಲಿ. ನಮ್ಮ ಅಭ್ಯಾಸಕ್ಕೆ ಇದು ತಲೆಕೆಳಗು. ವಾಲ್ಪರೈಸೊದ ಕೊಲ್ಲಿ ಉತ್ತರಕ್ಕೆ ತೆರೆದಿದೆ, ಹಾಗಾಗಿ ಬೆಳಗಿನ ಬಿಸಿಲು ಕಡಲ ಕಡೆಯಿಂದ ಬೀಳುತ್ತದೆ. ಕಡಲಿಗೆ ಬೆನ್ನು ಹಾಕಿ ನೌಕಾಪಡೆ ಕಟ್ಟಡದ ಕಡೆ ಮುಖ ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ. ಕಟ್ಟಡದ ಕಡೆಯಿಂದ ಸ್ಮಾರಕವನ್ನು ತೆಗೆದರೆ ಸೈನಿಕರ ಮುಖವೆಲ್ಲ ಕಪ್ಪು. ನಡು ಮಧ್ಯಾಹ್ನಕ್ಕೂ ಸೂರ್ಯ ಅರ್ಧ ಆಕಾಶದಷ್ಟು ಮೇಲೇರುವುದಿಲ್ಲ, ಟೋಪಿಯ ಅಂಚಿನ ನೆರಳು ಮುಖದ ಮೇಲೆ ಬೀಳದು ಅನ್ನುವುದೇ ಲಾಭ. ಮೋಡ ಮುಸುಕಿದ ಬೆಳಗು ಬಂದರೆ ಈ ಲೆಕ್ಕವೆಲ್ಲ ಬೇಕಾಗಿಲ್ಲ.

ಹೊತ್ತು: ಸೂರ್ಯ ಹುಟ್ಟುವುದೇ ಏಳೂವರೆ ದಾಟಿ. ಒಂಬತ್ತರೊಳಗೆ ಬೇಲಿ ಬಳಿ ಇರಿ. ಆ ವರ್ಷದ ನಿಖರ ಸಮಯ ಮತ್ತು ದಾರಿಯನ್ನು ಪುರಸಭೆ, ಮೊದಲನೇ ನೌಕಾ ವಲಯ ಎರಡೂ ಆ ವಾರ ತಮ್ಮ ಪುಟಗಳಲ್ಲಿ ಹಾಕುತ್ತವೆ, ರಸ್ತೆ ಬಂದ್ ಆಗುವ ನಕ್ಷೆಯ ಸಮೇತ. ಅದನ್ನು ನೋಡದೆ ಹೊರಡಬೇಡಿ. ಅಧ್ಯಕ್ಷರು ಬರುವುದಾದರೆ ಬೇಲಿ ಇನ್ನೂ ದೂರಕ್ಕೆ ಸರಿಯುತ್ತದೆ, ಬ್ಯಾಗ್ ತಪಾಸಣೆ ಇರುತ್ತದೆ.

ಅಪ್ಪನಿಗೆ ಮಡಚುವ ಸ್ಟೂಲ್ ಒಯ್ಯಿರಿ, ಮೂರು ಕಾಲಿನದ್ದು, ಬ್ಯಾಗಿನೊಳಗೆ ಹೋಗುವಂಥದ್ದು. ಚೂಪು ಕಬ್ಬಿಣದ ತುದಿಯ ಊರುಗೋಲು ಬೇಡ, ರಬ್ಬರ್ ತುದಿ ಇರುವುದು ಇರಲಿ. ಅಲ್ಲಿನ ಕಲ್ಲುಹಾಸು ಇಬ್ಬನಿಗೆ ಜಾರುತ್ತದೆ. ಭಾಷಣ, ಹೂಗುಚ್ಛ ಇಡುವ ಭಾಗ ಉದ್ದ. ಆಗ ಅವರು ಕೂತಿರಲಿ, ಪಥಸಂಚಲನಕ್ಕೆ ಎದ್ದರೆ ಸಾಕು. ರಾಷ್ಟ್ರಗೀತೆಗೆ ಮಾತ್ರ ಎಲ್ಲರೂ ಎದ್ದು ಟೋಪಿ ತೆಗೆಯುತ್ತಾರೆ.

ಪಥಸಂಚಲನದಲ್ಲಿ ನೌಕಾ ಅಕಾಡೆಮಿಯ ಕೆಡೆಟ್‌ಗಳು, ನಾವಿಕರು, ಮರೀನ್‌ಗಳು (ನೌಕಾಪಡೆಯ ಕಾಲಾಳು ಸೈನಿಕರು) ಬರುತ್ತಾರೆ. ಮರೀನ್‌ಗಳನ್ನು ಗುರುತಿಸುವುದು ಸುಲಭ, ಜನ ಜೋರಾಗಿ ಚಪ್ಪಾಳೆ ಹೊಡೆಯುವುದು ಅವರಿಗೇ.

---

ಹಡಗು ಹುಚ್ಚು

ಮೇಲಿನದಕ್ಕೆ ಎರಡು ಸೇರಿಸುತ್ತೇನೆ. ಸ್ಮಾರಕದ ಕೆಳಗೆ ನೆಲಮಾಳಿಗೆ ಇದೆ, ಪ್ರಾತ್ ಮತ್ತು ಅವನ ಜೊತೆಗಾರರ ಅವಶೇಷಗಳು ಅಲ್ಲೇ. ಸ್ಮಾರಕ 1886ರದ್ದು. ಜನರಿಗೆ ತೆರೆಯುವುದು ವಿಶೇಷ ದಿನಗಳಲ್ಲಿ. ಆ ದಿನ ತೆರೆದಿದ್ದರೆ ಪರೇಡ್ ಮುಗಿದ ಮೇಲೆ ಸಾಲು ನಿಲ್ಲುತ್ತದೆ. ಒಳಗಿಳಿಯಲು ಮೆಟ್ಟಿಲಿವೆ, ಅಪ್ಪನ ಮಂಡಿ ನೋಡಿ ನಿರ್ಧರಿಸಿ.

ಹಡಗು ನೋಡಲೇಬೇಕು ಅಂದರೆ ಚೌಕದ ಪಕ್ಕದ ಪ್ರಾತ್ ಧಕ್ಕೆಯಿಂದ ದೋಣಿಗಳು ಹೊರಡುತ್ತವೆ, ಕೊಲ್ಲಿಯಲ್ಲಿ ಒಂದು ಸುತ್ತು. ನೌಕಾಪಡೆಯ ಹಡಗುಗಳು ಅಲೆತಡೆಯ ಗೋಡೆಗೆ ಕಟ್ಟಿರುತ್ತವೆ, ದೋಣಿ ಹತ್ತಿರದಲ್ಲೇ ಹಾಯುತ್ತದೆ. ಮೂತಿಯ ಬದಿಯ ನಂಬರ್ ನೋಡಿ ಗುರುತಿಸಿ: 05 ಅಲ್ಮಿರಾಂತೆ ಕೊಕ್ರೇನ್, 06 ಕೊಂಡೆಲ್, 07 ಲಿಂಚ್. ಮೂರೂ ಬ್ರಿಟನ್ನಿನಿಂದ ಕೊಂಡ ಟೈಪ್ 23 ವರ್ಗದ ಯುದ್ಧನೌಕೆಗಳು (ಫ್ರಿಗೇಟ್). 19 ಅಂತ ಇದ್ದರೆ ಅದು ವಿಲಿಯಮ್ಸ್, ಟೈಪ್ 22, ಹಿಂದೆ ಬ್ರಿಟನ್ನಿನಲ್ಲಿ ಶೆಫೀಲ್ಡ್ ಆಗಿತ್ತು. ನಾಲ್ಕು ಕಂಬದ ಬಿಳಿ ಹಾಯಿಹಡಗು ಎಸ್ಮೆರಾಲ್ದಾ ಇದ್ದರೆ ಅದೃಷ್ಟ, ಅದು ವರ್ಷದಲ್ಲಿ ಬಹುಪಾಲು ತರಬೇತಿ ಯಾನದಲ್ಲಿರುತ್ತದೆ. ಚೆಂದದ ಹಡಗು, ಆದರೆ 1973ರ ಕ್ಷಿಪ್ರಕ್ರಾಂತಿಯ ನಂತರ ಬಂಧಿತರನ್ನು ಅದರಲ್ಲಿಟ್ಟು ಹಿಂಸಿಸಿದ್ದು ದಾಖಲಾಗಿದೆ. ಸ್ಥಳೀಯರು ಅದರ ಬಗ್ಗೆ ಮುಖ ಗಂಟಿಕ್ಕಿದರೆ ಕಾರಣ ಇದು.

ದೋಣಿಗೆ ಒಂದು ಷರತ್ತು. ದೊಡ್ಡ ಅಲೆ ಎದ್ದರೆ ಬಂದರು ಅಧಿಕಾರಿ ಸಣ್ಣ ದೋಣಿಗಳಿಗೆ ಬಂದರು ಮುಚ್ಚುತ್ತಾರೆ, ಮೇ ತಿಂಗಳಲ್ಲಿ ಇದು ಅಪರೂಪವಲ್ಲ. ದೋಣಿ ಹತ್ತುವಾಗ ಮೆಟ್ಟಿಲು ಒದ್ದೆ, ದೋಣಿ ಏರಿಳಿಯುತ್ತಿರುತ್ತದೆ. ಒಬ್ಬರು ಮೊದಲು ಇಳಿದು ಕೈ ಕೊಡಿ, ಲೈಫ್ ಜಾಕೆಟ್ ಹಾಕದೆ ಹೊರಡಲು ಒಪ್ಪಬೇಡಿ. ಡ್ರೋನ್ ಬ್ಯಾಗಿನಿಂದ ಹೊರಗೆ ತೆಗೆಯುವುದೇ ಬೇಡ.

---

ಅನ್ನಸಾರು

ಊಟಕ್ಕೆ ಬರುತ್ತೇನೆ. ಮೇ 21 ಸರ್ಕಾರಿ ರಜೆಯಾದರೂ ಅಂಗಡಿ ಮುಚ್ಚಲೇಬೇಕಾದ ಐದು ರಜೆಗಳಲ್ಲಿ ಇದಿಲ್ಲ (ಅವು ಜನವರಿ 1, ಮೇ 1, ಸೆಪ್ಟೆಂಬರ್ 18 ಮತ್ತು 19, ಡಿಸೆಂಬರ್ 25). ಹಾಗಾಗಿ ಸೂಪರ್ ಮಾರ್ಕೆಟ್, ಹೋಟೆಲ್ ತೆರೆದಿರುತ್ತವೆ, ಬ್ಯಾಂಕ್ ಮಾತ್ರ ಇಲ್ಲ. ಚಿಲ್ಲರೆ ಇಟ್ಟುಕೊಳ್ಳಿ, ಬಸ್ ನಿಲ್ದಾಣದ ಶೌಚಾಲಯಕ್ಕೂ ಕಾಸು ಕೊಡಬೇಕು.

ಚೀಸ್ ತುಂಬಿದ ಎಂಪನಾದಾ (ಕರ್ಜಿಕಾಯಿಯಂಥ ತಿಂಡಿ) ಎಲ್ಲ ಕಡೆ ಸಿಗುತ್ತದೆ. ತೊಂದರೆ ಇರುವುದು ಹಿಟ್ಟು ಮತ್ತು ಎಣ್ಣೆಯಲ್ಲಿ. ಎಂಪನಾದಾ ಹಿಟ್ಟಿಗೆ, ಮನೆ ಬ್ರೆಡ್ಡಿಗೆ, ಬೀದಿಯಲ್ಲಿ ಕರಿಯುವ ಕುಂಬಳದ ಸೊಪಾಯ್ಪಿಯಾಕ್ಕೆ "ಮಾಂತೇಕಾ" ಹಾಕುತ್ತಾರೆ, ಅದು ಹಂದಿ ಕೊಬ್ಬಾಗಿರಬಹುದು, ವನಸ್ಪತಿಯೂ ಆಗಿರಬಹುದು. "ಮಾಂತೇಕಾ ವೆಹೆತಾಲ್?" ಅಂತ ಕೇಳಿ, ಇಲ್ಲ ಅಂತ ತಲೆ ಅಲ್ಲಾಡಿಸಿದರೆ ತಿನ್ನಬೇಡಿ. "ಸಿನ್ ಕಾರ್ನೆ" ಅಂತ ಮಾತ್ರ ಹೇಳಿದರೆ ಕೋಳಿಯೋ ಹಂದಿಯ ಹಾಮೋನೋ ಬರುತ್ತದೆ, ಅವರ ಲೆಕ್ಕದಲ್ಲಿ ಕಾರ್ನೆ ಎಂದರೆ ದನದ ಮಾಂಸ. ಪೂರ್ತಿ ಹೇಳಿ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಾಮೋನ್ (ಮಾಂಸ, ಕೋಳಿ, ಮೀನು, ಹಂದಿ ಯಾವುದೂ ಬೇಡ). ಸುಲಭದ ದಾರಿ ಬೇಕಾದರೆ ಬೆಣ್ಣೆಹಣ್ಣು, ಚೀಸ್ ಹಾಕಿದ ಸ್ಯಾಂಡ್‌ವಿಚ್. ಅಲ್ಲಿ ಬೆಣ್ಣೆಹಣ್ಣನ್ನು ಪಾಲ್ತಾ ಅಂತಾರೆ. ಬೆಳಗಿನ ಬುತ್ತಿ ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಊರಿಂದ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುತ್ತೀರಾದರೆ ವಿಮಾನ ನಿಲ್ದಾಣದ ಘೋಷಣಾ ಪತ್ರದಲ್ಲಿ ಬರೆಯಿರಿ. ಚಿಲಿ ಕೃಷಿ ತಪಾಸಣೆಯಲ್ಲಿ ಬಲು ಕಟ್ಟುನಿಟ್ಟು. ಘೋಷಿಸಿದರೆ ಹೆಚ್ಚೆಂದರೆ ಕಿತ್ತಿಟ್ಟುಕೊಳ್ಳುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ದಂಡ. ಹಣ್ಣು, ಕರಿಬೇವು, ಬಿತ್ತನೆ ಬೀಜ, ಜೇನು ಒಯ್ಯಲೇಬೇಡಿ. ವಿಮಾನದಲ್ಲಿ ಕೊಟ್ಟ ಸೇಬನ್ನೂ ಇಳಿಯುವ ಮೊದಲೇ ತಿಂದು ಮುಗಿಸಿ.

---

ಮಲೆನಾಡ ಗಾಳಿ

ತುಂಬ ಉಪಕಾರ ಎಲ್ಲರಿಗೂ. ಹಿಂದಿನ ರಾತ್ರಿಯೇ ಹೋಗಿ ಉಳಿಯುತ್ತೇವೆ. ಎರಡೇ ಸಂಶಯ: ಮಳೆ ಬಂದರೆ ಪರೇಡ್ ರದ್ದಾಗುತ್ತದೆಯೇ? ಇಕೀಕೆಗೇ ಹೋದರೆ ಇನ್ನೂ ಚೆನ್ನಾಗಿರುತ್ತದೆಯೇ, ಕದನ ನಡೆದದ್ದು ಅಲ್ಲೇ ಅಲ್ಲವೇ?

---

ತೆಂಕಣ ದಾರಿ

ಮಳೆಗಾಲ ಮೇ ತಿಂಗಳಲ್ಲೇ ಶುರು. ಜಿನುಗು ಮಳೆಗೆ ಯಾರೂ ನಿಲ್ಲಿಸುವುದಿಲ್ಲ. ಜೋರು ಮಳೆ, ಗಾಳಿ ಅಂತ ಎಚ್ಚರಿಕೆ ಬಂದರೆ ಪಥಸಂಚಲನ ಮೊಟಕಾಗಬಹುದು, ಸ್ಮರಣೆ ಮಾತ್ರ ಉಳಿಯಬಹುದು. ಕೊಡೆ ಬೇಡ, ಹಿಂದಿನವರ ಬೈಗುಳ ತಿನ್ನಬೇಕಾಗುತ್ತದೆ; ಟೋಪಿ ಇರುವ ಮಳೆ ಅಂಗಿ ಒಯ್ಯಿರಿ. ಬೆಳಗ್ಗೆ 10 ಡಿಗ್ರಿ ಆಸುಪಾಸು ಇರುತ್ತದೆ, ಕಡಲ ಗಾಳಿಗೆ ಅದು ಇನ್ನೂ ತಣ್ಣಗೆ ಅನ್ನಿಸುತ್ತದೆ. ಅಪ್ಪನ ಮಂಡಿಗೆ ಉಣ್ಣೆಯ ಪಟ್ಟಿ ಇರಲಿ.

ಜನಸಂದಣಿಯಲ್ಲಿ ಫೋನ್ ಕಸಿಯುವುದು ವಾಲ್ಪರೈಸೊದ ಹಳೇ ಕಾಯಿಲೆ. ವೀಡಿಯೊ ಮಾಡುವಾಗ ಫೋನಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ಪಾಸ್‌ಪೋರ್ಟ್ ರೂಮಿನಲ್ಲಿ, ಅದರ ಪ್ರತಿ ಜೇಬಿನಲ್ಲಿ. ಎಚೌರೆನ್ ಚೌಕದ ಕಡೆ ಅಲೆಯಬೇಡಿ. ಪೊಲೀಸ್ 133, ಆಂಬುಲೆನ್ಸ್ 131.

---

ಹಡಗು ಹುಚ್ಚು

ಇಕೀಕೆ ಬೇರೆಯೇ ರುಚಿ. ಸ್ಯಾಂಟಿಯಾಗೊದಿಂದ ವಿಮಾನದಲ್ಲಿ ಎರಡೂವರೆ ಗಂಟೆ, ನಿಲ್ದಾಣದಿಂದ ಊರು 40 ಕಿ.ಮೀ. ಮರುಭೂಮಿ ತೀರ, ಮಳೆಯ ಚಿಂತೆಯೇ ಇಲ್ಲ. ಎಸ್ಮೆರಾಲ್ದಾ ಮುಳುಗಿದ ಜಾಗದಲ್ಲಿ ಗುರುತಿಗೆ ಬಿಟ್ಟ ಬೋಯಾ ತೇಲುತ್ತದೆ, ಮೇ 21ಕ್ಕೆ ನೀರಿಗೆ ಹೂವು ಹಾಕುವುದು ಅಲ್ಲಿ, 12:10ಕ್ಕೆ ಮೌನ. ದಡದಲ್ಲಿ ಆ ಹಡಗಿನ ಪೂರ್ಣ ಗಾತ್ರದ ಪ್ರತಿಕೃತಿಯ ಮ್ಯೂಸಿಯಂ ಇದೆ, 2011ರಿಂದ. ಒಳಗೆ ಫಿರಂಗಿ ಅಂತಸ್ತಿನಲ್ಲಿ ತಲೆ ಬಗ್ಗಿಸಿಯೇ ನಡೆಯಬೇಕು, ನಾವಿಕರು ಹೇಗೆ ಬದುಕುತ್ತಿದ್ದರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಊರಿನ ಸುಂಕಮುಕ್ತ ವಲಯದಲ್ಲಿ ಭಾರತೀಯ ವ್ಯಾಪಾರಿಗಳು ಬಹಳ ಇದ್ದಾರೆ, ಸಸ್ಯಾಹಾರ ಹುಡುಕುವುದು ಅಷ್ಟು ಕಷ್ಟವಲ್ಲ.

ನಿಜವಾದ ವಾಸ್ಕರ್ ಮಾತ್ರ ಇವೆರಡೂ ಊರಲ್ಲಿಲ್ಲ. 1865ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ ಅದೇ ಹಡಗು ದಕ್ಷಿಣದ ತಾಲ್ಕಾವಾನೊ ನೌಕಾನೆಲೆಯಲ್ಲಿ ತೇಲುತ್ತಿದೆ, ಮ್ಯೂಸಿಯಂ ಆಗಿ. ಸ್ಯಾಂಟಿಯಾಗೊದಿಂದ ಸುಮಾರು 500 ಕಿ.ಮೀ., ಕೊನ್ಸೆಪ್ಸಿಯೋನ್ ನಗರಕ್ಕೆ ವಿಮಾನ ಇದೆ. ನೆಲೆಯೊಳಗೆ ಬಿಡಲು ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಪ್ರಾತ್ ಬಿದ್ದ ಜಾಗಕ್ಕೆ ಡೆಕ್ಕಿನ ಮೇಲೆ ಗುರುತು ಹಾಕಿದ್ದಾರೆ. ನಿಮ್ಮ ಬಳಿ ಇನ್ನೂ ಎರಡು ದಿನ ಇದ್ದು, ಅಪ್ಪನಿಗೆ ಕಾರವಾರದ ಚಪಲ್ ಅಷ್ಟು ಪ್ರಿಯ ಅನ್ನುವುದಾದರೆ, ಪರೇಡ್ ವಾಲ್ಪರೈಸೊದಲ್ಲಿ ನೋಡಿ, ಇಕೀಕೆ ಬಿಟ್ಟು ತಾಲ್ಕಾವಾನೊಗೆ ಹೋಗಿ. ಹಡಗಿನೊಳಗಿನ ಏಣಿಗಳು ಕಡಿದಾಗಿವೆ, ಅವರು ಮೇಲಿನ ಡೆಕ್ ನೋಡಿದರೆ ಸಾಕು.